ಗಾಯಕ್ಕೆ ಕಟ್ಟುವ ಗಂಟು

ಹೃಷಿಕೇಶ ಐತಾಳ ಎಡಗೈ ಚಾಚಿದ. ಯತೀಶ ತನ್ನ ಒದ್ದೆ ಎಡಗೈಯನ್ನು ಚಡ್ಡಿಗೆ ಒರೆಸಿಕೊಂಡು ಅದನ್ನು ಹಿಡಿದ. ಬಸ್ರೂರಿನ ಹೊಳೆದಂಡೆಯಲ್ಲಿ ಇವರಿಬ್ಬರ ಈ ಎಡಗೈ ಶಾಸ್ತ್ರ ಕಂಡು ನಗದವರಿಲ್ಲ. ಕೊಡುವುದಕ್ಕೂ ತೆಗೆದುಕೊಳ್ಳುವುದಕ್ಕೂ ಎಡಗೈ ಮುಂದೆ ಮಾಡಿದರೆ ಅಜ್ಜಿಯಂದಿರು ಬೈಯುವ ಊರು ಇದು. ಆದರೆ ಸ್ಕೌಟಿನವರು ಕೈ ಕುಲುಕುವುದೇ ಎಡಗೈಯಲ್ಲಿ. ಹೈಸ್ಕೂಲು ಬಿಟ್ಟು ಎಷ್ಟೋ ವರ್ಷವಾಗಿ, ಒಬ್ಬ ಬೋಟ್ ಪಾಯಿಂಟಿನ ಧಣಿ, ಇನ್ನೊಬ್ಬ ಅವನ ದೋಣಿ ನಡೆಸುವವ ಎಂದಾದ ಮೇಲೂ ಇಬ್ಬರೂ ಅದನ್ನು ಬಿಟ್ಟಿರಲಿಲ್ಲ.

ಇವತ್ತು ಮಾತ್ರ ಹೃಷಿಕೇಶ ಹಿಡಿದ ಕೈಯನ್ನು ಬೇಗ ಬಿಡಲಿಲ್ಲ.

"ನಾಳೆ ಪೊಲೀಸ್ ಸ್ಟೇಷನ್ನಗೆ ಕೇಂತ್ರ್ ಯತಿ. ಜಾಕೆಟಿನ್ ಬಕಲ್ ಸಮಾ ಇತ್ತ್, ಹೆಣ್ಣಿನ್ ತಾಯಿಯೇ ಸಡ್ಲ ಮಾಡದ್ದ್ ಅಂದ್ ಹೇಳ್. ಅಷ್ಟೇ ಸಾಕ್."

ಯತೀಶ ಹೊಳೆಯ ಕಡೆ ನೋಡಿದ. ಇಳಿತದ ಹೊತ್ತು. ಭಾನುವಾರವೂ ನೀರು ಹೀಗೆಯೇ ಕಡಲಿನ ಕಡೆಗೆ ಎಳೆಯುತ್ತಿತ್ತು. ರಜೆಯ ಜನ ಜಾತ್ರೆಯ ಹಾಗೆ ನೆರೆದಿದ್ದರು. ಮಕ್ಕಳ ಅಳತೆಯ ಲೈಫ್ ಜಾಕೆಟ್ ಒಂದೇ ಒಂದು ಉಳಿದಿತ್ತು, ಅದರ ಎದೆಯ ಬಕಲ್ ಮುರಿದು ಯಾವ ಕಾಲವಾಗಿತ್ತೋ. ಯತೀಶ ಅದನ್ನು ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದ. ಈ ಸೀಸನ್ ಒಂದು ಕಳೆಯಲಿ ಎನ್ನುವುದು ಧಣಿಯ ಉತ್ತರ. ಅವತ್ತೂ ಹೃಷಿಕೇಶ ಟಿಕೆಟ್ ಮೇಜಿನಿಂದಲೇ, ಹೇಗಾದರೂ ಕಟ್ಟಿ ಕರೆದುಕೊಂಡು ಹೋಗು ಎಂದು ಕೂಗಿದ್ದ. ಯತೀಶ ಪಟ್ಟಿಯ ಎರಡು ತುದಿ ಹಿಡಿದು ಧನ್ಯಶ್ರೀ ಎಂಬ ಆ ಹುಡುಗಿಯ ಎದೆಯ ಮೇಲೆ ಸ್ಕೌಟಿನಲ್ಲಿ ಕಲಿತ ರೀಫ್ ಗಂಟು ಹಾಕಿದ. ಬಲ ಎಡದ ಮೇಲೆ, ಎಡ ಬಲದ ಮೇಲೆ. ಕಣ್ಣು ಮುಚ್ಚಿಕೊಂಡರೂ ಅವನ ಬೆರಳು ಅದನ್ನು ಹಾಕುತ್ತವೆ.

ನಡುಹೊಳೆಯಲ್ಲಿ ಯಾರೋ ಸೆಲ್ಫಿಗೆಂದು ಎದ್ದು ನಿಂತರು, ದೋಣಿ ಮಗುಚಿತು. ಎಲ್ಲರೂ ತೇಲಿದರು. ಹುಡುಗಿಯ ಜಾಕೆಟ್ ಮಾತ್ರ ಖಾಲಿಯಾಗಿ ತೇಲಿತು. ಯತೀಶ ಮುಳುಗಿ ಅವಳನ್ನು ಎತ್ತಿ ತಂದು, ಸ್ಕೌಟಿನಲ್ಲಿ ಕಲಿತ ಹಾಗೆಯೇ ಬಾಯಿಗೆ ಬಾಯಿಟ್ಟು ಉಸಿರು ಊದಿದ. ಉಸಿರು ಬಂತು, ಕಣ್ಣು ಬಿಡಲಿಲ್ಲ. ಈಗ ಕುಂದಾಪುರದ ಆಸ್ಪತ್ರೆಯಲ್ಲಿದ್ದಾಳೆ. ವಾಟ್ಸಾಪಿನಲ್ಲಿ ಯತೀಶನ ಫೋಟೊ ಊರೂರು ತಿರುಗುತ್ತಿದೆ, ಜೀವ ಉಳಿಸಿದ ಮೊಗವೀರ ಎಂದು. ಅದನ್ನು ಯಾರಾದರೂ ತೋರಿಸಿದರೆ ಅವನು ಎದ್ದು ಆಚೆ ಹೋಗುತ್ತಾನೆ.

"ಲೀಡ್ರೆ, ಬಕಲ್ ಇರ್ಲಿಲ್ಲೆ ಅಲ್ದಾ" ಎಂದ ಯತೀಶ. ಶಾಲೆಯ ಸ್ಕೌಟಿನಲ್ಲಿ ಹೃಷಿಕೇಶ ನವಿಲು ಗುಂಪಿನ ಲೀಡರ್. ಯತೀಶನ ಬಾಯಲ್ಲಿ ಅವನು ಧಣಿಯೂ ಆಗಲಿಲ್ಲ, ಐತಾಳರೂ ಆಗಲಿಲ್ಲ, ಲೀಡರೇ ಆಗಿ ಉಳಿದ.

"ಕೆರಾಡಿ ಕ್ಯಾಂಪಗೆ ನಾನ್ ನಿನ್ನ ಬಿಟ್ಟ್ ಹಾಕದ್ನಾ?"

ಅದನ್ನು ಎತ್ತುತ್ತಾನೆ ಎಂದು ಯತೀಶನಿಗೆ ಗೊತ್ತಿತ್ತು. ಕೆರಾಡಿಯ ಆ ಕ್ಯಾಂಪಿನಷ್ಟು ಸುಖದ ದಿನಗಳು ಅವನ ಬದುಕಿನಲ್ಲಿ ಮತ್ತೆ ಬರಲಿಲ್ಲ. ಕಾಡಿನಂಚಿನ ಗದ್ದೆಯಲ್ಲಿ ಟೆಂಟು, ಕುತ್ತಿಗೆಗೆ ಸ್ಕಾರ್ಫು, ಸಂಜೆ ಬೆಂಕಿಯ ಸುತ್ತ ಹಾಡು. ಮೀನು ಹಿಡಿಯುವ ಮೊಗವೀರರ ಮನೆಯ ಯತೀಶ ಬೇಯಿಸಿದ ಗಂಜಿಯನ್ನು ದೇವಸ್ಥಾನದ ಮನೆಯ ಹೃಷಿಕೇಶ ಪಕ್ಕದಲ್ಲೇ ಕೂತು ಸುರಿದು ಉಂಡಿದ್ದ, ಮನೆಯಲ್ಲಿ ಹೇಳಬೇಡ ಮಾರಾಯ ಎನ್ನುತ್ತಲೇ ಇನ್ನೊಂದು ಸೌಟು ಹಾಕಿಸಿಕೊಂಡಿದ್ದ. ಅದೇ ಒಲೆಯ ಕೆಂಡವನ್ನು ಯತೀಶ ಸರಿಯಾಗಿ ಆರಿಸದೆ ಗದ್ದೆಯವರು ಒಟ್ಟಿದ್ದ ಹುಲ್ಲಿನ ಕುತ್ರಿ ಸುಟ್ಟುಹೋಯಿತು. ಯಾರು ಮಾಡಿದ್ದು ಎಂದು ಸ್ಕೌಟಿನ ಶಾಮರಾಯ ಮಾಸ್ಟ್ರು ಸಾಲಿನ ಮುಂದೆ ನಿಂತು ಕೇಳಿದಾಗ ಹೃಷಿಕೇಶ ಒಂದು ಹೆಜ್ಜೆ ಮುಂದೆ ಬಂದ. ನನ್ನ ಗುಂಪು ಸಾರ್, ನನ್ನ ತಪ್ಪು. ಕ್ಯಾಂಪು ಮುಗಿಯುವವರೆಗೂ ಆ ಮನೆಗೆ ಬಾವಿಯಿಂದ ನೀರು ಹೊತ್ತವನು ಅವನೇ. ತಪ್ಪು ಒಪ್ಪಿಕೊಳ್ಳುವುದು ಅಂದರೆ ಹೀಗೆ ಎಂದು ಯತೀಶ ಕಲಿತದ್ದು ಯಾವ ಪ್ರತಿಜ್ಞೆಯಿಂದಲೂ ಅಲ್ಲ, ಆ ಒಂದು ಹೆಜ್ಜೆಯಿಂದ. ಈಗ ಅದೇ ಹೆಜ್ಜೆಯ ಲೆಕ್ಕ ಚುಕ್ತಾ ಮಾಡು ಎಂದು ಅವನೇ ಕೇಳುತ್ತಿದ್ದಾನೆ!

ಸಂಜೆ ಹೃಷಿಕೇಶನೇ ಕಾರಿನಲ್ಲಿ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಉಳಿಸಿದವನ ಮುಖ ಕಂಡರೆ ಮನೆಯವರು ತಣ್ಣಗಾಗುತ್ತಾರೆ ಎಂಬ ಲೆಕ್ಕಾಚಾರ. ದಾರಿಯುದ್ದಕ್ಕೂ ಮಾತಾಡಿದ. ಪಾಯಿಂಟು ಮುಚ್ಚಿದರೆ ಎಷ್ಟು ಮನೆಯ ಒಲೆ ಆರುತ್ತದೆ ಎಂದ, ನಿನ್ನ ಒಲೆಯೂ ಅದರಲ್ಲಿ ಒಂದು ಎಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆಸ್ಪತ್ರೆಯ ಗೇಟಿನಲ್ಲಿ ಹಣ್ಣಿನ ಚೀಲ ಯತೀಶನ ಕೈಗೆ ಕೊಟ್ಟು ತಾನು ಕಾರಿನ ಹತ್ತಿರವೇ ನಿಂತ.

ಐಸಿಯು ಹೊರಗಿನ ಬೆಂಚಿನಲ್ಲಿ ಹುಡುಗಿಯ ತಾಯಿ ಶ್ರೀಲತಾ ಒಬ್ಬಳೇ ಕೂತಿದ್ದಳು. ಗಂಡನ ಮನೆಯವರು ಆಚೆ ಕಿಟಕಿಯ ಬಳಿ ಗುಂಪಾಗಿದ್ದರು, ಒಬ್ಬರೂ ಅವಳ ಪಕ್ಕದಲ್ಲಿರಲಿಲ್ಲ. ತಾಯಿಯೇ ಸಡಿಲ ಮಾಡಿದ್ದು ಎಂಬ ಸುದ್ದಿ ಆಗಲೇ ಅವರನ್ನು ಮುಟ್ಟಿದೆ ಎಂದು ಯತೀಶನಿಗೆ ತಿಳಿಯಿತು. ಯಾರು ಮುಟ್ಟಿಸಿದ್ದು ಎಂಬುದೂ ತಿಳಿಯಿತು. ಶ್ರೀಲತಾಳ ಬೆರಳುಗಳು ಚೂಡಿದಾರದ ಶಾಲಿನ ಅಂಚನ್ನು ಹಿಡಿದು ಎಳೆಯುತ್ತಿದ್ದವು, ಬಿಡುತ್ತಿದ್ದವು, ಮತ್ತೆ ಹಿಡಿದು ಎಳೆಯುತ್ತಿದ್ದವು. ಮೊದಲು ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ದೋಣಿಯಲ್ಲಿ ಮಗಳ ಪಟ್ಟಿಯನ್ನು ತಾನು ಹೇಗೆ ಮುಟ್ಟಿದೆ ಎಂದು ಅವಳು ಮತ್ತೆ ಮತ್ತೆ ಮಾಡಿ ನೋಡುತ್ತಿದ್ದಳು.

"ಅಣ್ಣ, ನೀವ್ ಎದ್ರೇ ಕೂತಿದ್ರಿ" ಎಂದಳು. "ಬಿಗಿ ಆತ್ತ್ ಅಮ್ಮ ಅಂದ್ಳ್. ನಾನ್ ಪಟ್ಟಿ ಎಳ್ದೆ. ಆಗ್ಳಿಕೆ ನಾನೇ ಬಿಚ್ಚದ್ನಾ? ನಂಗೆ ನೆನ್ಪೇ ಬತ್ತಿಲ್ಲೆ."

ಹೌದು ಅನ್ನಬೇಕಾಗಿಯೂ ಇರಲಿಲ್ಲ. ಸುಮ್ಮನಿದ್ದರೂ ಸಾಕಿತ್ತು, ಉಳಿದದ್ದನ್ನು ಅವಳೇ ಹೊತ್ತುಕೊಳ್ಳುತ್ತಿದ್ದಳು, ಜೀವಮಾನವಿಡೀ. ಯತೀಶನಿಗೆ ಶಾಮರಾಯ ಮಾಸ್ಟ್ರ ನಶ್ಯದ ವಾಸನೆ ಮೂಗಿಗೆ ಬಡಿದ ಹಾಗಾಯಿತು. ರೀಫ್ ಗಂಟು ಕಲಿಸಿದ ದಿನ ಅವರು ಹಗ್ಗವನ್ನು ಎಲ್ಲರ ಮೂಗಿನ ಕೆಳಗೆ ಆಡಿಸಿ ಹೇಳಿದ್ದರು, ಇದು ಗಾಯಕ್ಕೆ ಪಟ್ಟಿ ಕಟ್ಟುವ ಗಂಟು ಮಕ್ಕಳೇ, ಎಳೆತ ಇದ್ದರೆ ನಿಲ್ಲುತ್ತದೆ, ಸಡಿಲವಾದರೆ ಜಾರುತ್ತದೆ, ಇದರಲ್ಲಿ ಜೀವ ಕಟ್ಟಬೇಡಿ. ಪರೀಕ್ಷೆಯಲ್ಲಿ ಅದನ್ನು ತಪ್ಪಿಲ್ಲದೆ ಹೇಳಿ ಬೆನ್ನು ತಟ್ಟಿಸಿಕೊಂಡವನು ಯತೀಶನೇ. ಉಪ್ಪು ತಿಂದವನು ನೀರು ಕುಡಿಯಲೇಬೇಕು.

ಅವನು ಹಣ್ಣಿನ ಚೀಲವನ್ನು ನೆಲಕ್ಕಿಟ್ಟ.

"ಇಲ್ಲೆ ಅಮ್ಮ. ನೀವ್ ಎಳದ್ದ್ ಬದಿ ಪಟ್ಟಿ, ಅದ್ರಗೆ ಜಾಕೆಟ್ ಬಿಚ್ಚುದಿಲ್ಲೆ. ಎದಿ ಮೇಲಿನ್ ಬಕಲ್ ಮುರ್ದಿತ್. ನಾನ್ ಗಂಟ್ ಹಾಕದ್ದ್. ಜಾರದ್ದ್ ಅದೇ. ನಾಳೆ ಪೊಲೀಸ್ರ್ ಹತ್ರವೂ ಇದ್ನೇ ಹೇಳ್ತೆ."

ಕಿಟಕಿಯ ಬಳಿಯವರು ಇತ್ತ ತಿರುಗಿದರು. ಶ್ರೀಲತಾ ಅವನನ್ನೇ ನೋಡಿದಳು.

"ಹಾಂಗಾರೆ ನಾನ್ ಬಿಚ್ಚಲಿಲ್ಲೆ."

"ಇಲ್ಲೆ."

ಅವಳ ಬೆರಳುಗಳು ಶಾಲನ್ನು ಬಿಟ್ಟವು. ಕೈ ಎರಡೂ ತೊಡೆಯ ಮೇಲೆ ಬಿದ್ದುಕೊಂಡವು. ಬೈಯುತ್ತಾಳೆ ಎಂದುಕೊಂಡ, ಬೈಯಲಿಲ್ಲ. ಹೊಡೆದಿದ್ದರೆ ಹಗುರಾಗುತ್ತಿತ್ತು. ಅವನ ಮುಖ ನೋಡದೆ, "ನೀವಿನ್ನ್ ಹೋಯ್ನಿ" ಎಂದಳು. ಅವನು ಬಗ್ಗಿ ಚೀಲ ಎತ್ತಿಕೊಂಡ.

ಗೇಟಿನ ಹೊರಗೆ ಹೃಷಿಕೇಶ ಕಾರಿಗೆ ಒರಗಿ ನಿಂತಿದ್ದ. ಚೀಲ ಹಾಗೆಯೇ ವಾಪಸು ಬಂದದ್ದನ್ನು ನೋಡಿದ, ಯತೀಶನ ಮುಖ ನೋಡಿದ. ಯತೀಶನೇ ಆದದ್ದನ್ನು ಹೇಳಿದ. ಕೊನೆಗೆ, "ನನ್ನ ಗಂಟ್ ನಾನ್ ಹೇಳ್ತೆ ಲೀಡ್ರೆ. ಬಕಲಿನ್ ವಿಷ್ಯ ನೀವೇ ಹೇಳಿ" ಎಂದು ಎಡಗೈ ಚಾಚಿದ.

ರಸ್ತೆಯಲ್ಲಿ ಬೈಂದೂರಿನ ಬಸ್ಸೊಂದು ಹಾರ್ನ್ ಹಾಕುತ್ತ ಹಾದುಹೋಯಿತು. ಯತೀಶನ ಕೈ ಚಾಚಿದಂತೆಯೇ ಇತ್ತು. ಹೃಷಿಕೇಶನ ಎಡಗೈಯಲ್ಲಿ ಕಾರಿನ ಕೀ ಇತ್ತು. ಅವನು ಅದನ್ನು ಬಲಗೈಗೆ ಬದಲಾಯಿಸಲಿಲ್ಲ.