ಬೊಮ್ಮಿಯ ಏಳು ಚಾಪೆ ಎಲ್ಲಿ ಹೋಯಿತು?

ಶನಿವಾರ ಸಂಜೆಯಾಯಿತೆಂದರೆ ಅವರ್ಸಾದ ಬಸ್ ಸ್ಟಾಪಿನ ಮೋರಿಕಟ್ಟೆಯ ಮೇಲೆ ಇಬ್ಬರು ಕೂತಿರುತ್ತಿದ್ದರು. ಒಬ್ಬಳು ಬೊಮ್ಮಿ. ಇನ್ನೊಬ್ಬಳು ಅವಳ ಆರು ವರ್ಷದ ಮೊಮ್ಮಗಳು ಅಮಿತಾ. ಕಾರವಾರದ ಕಡೆಯಿಂದ ಬಸ್ಸು ಬಂದಾಗಲೆಲ್ಲ ಅಮಿತಾ ಎದ್ದು ನಿಲ್ಲುವಳು. ತಾಯಿ ಇಳಿಯದಿದ್ದರೆ ಮತ್ತೆ ಕೂರುವಳು.

ತಾಯಿ ಸುಮಿತಾ ಕಾರವಾರದ ಆಸ್ಪತ್ರೆಯೊಂದರಲ್ಲಿ ಆಯಾ. ಬೆಳಗಿನ ಪಾಳಿ ಆರಕ್ಕೆ ಶುರು. ಅಷ್ಟು ಹೊತ್ತಿಗೆ ಮುಟ್ಟಿಸುವ ಬಸ್ಸು ಅವರ್ಸಾದಿಂದ ಇರಲಿಲ್ಲ. ಹಾಗಾಗಿ ವಾರವೆಲ್ಲ ಮೂವರು ಹೆಂಗಸರ ಜೊತೆ ಬಾಡಿಗೆ ಕೋಣೆಯಲ್ಲಿದ್ದು ಶನಿವಾರ ಮನೆಗೆ ಬರುತ್ತಿದ್ದಳು. ಮಗಳ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕುವಷ್ಟರಲ್ಲಿ ಭಾನುವಾರ ಮುಗಿದೇ ಹೋಗುತ್ತಿತ್ತು. ಗಂಡ ಸಾಯಿನಾಥ ಅದೇ ಕಾರವಾರದಲ್ಲಿ ಮೀನಿಗೆ ಹಾಕುವ ಬರ್ಫದ ಕಾರ್ಖಾನೆಯಲ್ಲಿ ಕೆಲಸ ಮಾಡಿ ದಿನಾ ಮನೆಗೆ ಬರುವನು. ಒಂದೇ ಸಂಸಾರ, ಎರಡು ಊರು.

2006ರ ಅಂಥದ್ದೊಂದು ಶನಿವಾರ ಸಾಯಿನಾಥ ಹಲ್ಲು ಕೆಂಪು ಮಾಡಿಕೊಂಡು, ನಗುತ್ತ ಮನೆಗೆ ಬಂದ.

"ಅವ್ವೀ, ಕಾರವಾರದಲ್ಲಿ ಮನೆ ಕೊಳ್ಳೂದು ನಿಕ್ಕಿ ಮಾಡ್ದೆ! ಮೀನು ಪೇಟೆ ಹಿಂದಿನ ಗಲ್ಲಿಯಲ್ಲಿ. ಆಸ್ಪತ್ರೆಗೆ ನಡ್ದು ಹೋಗೂಕೆ ಹತ್ತೇ ನಿಮಿಷ. ಶೆಟಗೇರಿ ಪುಂಡಲೀಕ ನಾಯ್ಕರು ಮೂರು ಮಾಳಿಗೆ ಎಬ್ಬಿಸಿದ್ರಲ್ಲ, ಅದ್ರಲ್ಲಿ ಒಂದು ಸ್ಟುಡಿಯೋ ಫ್ಲ್ಯಾಟು."

"ಸ್ಟುಡಿಯೋನಾ? ಫೋಟೋ ಹೊಡೆಸ್ಕಂಡು ಮನೆಗೆ ಬರೂದಲ್ವನಾ ಅಲ್ಲಿಂದ?" ಎಂದಳು ಬೊಮ್ಮಿ.

ಸುಮಿತಾ ನಕ್ಕಳು. "ಒಂದೇ ದೊಡ್ಡ ಕೋಣೆ ಅತ್ತೆ. ಮೂಲೆಯಲ್ಲಿ ಒಲೆಕಟ್ಟೆ, ಪಕ್ಕದಲ್ಲಿ ಬಚ್ಚಲು. ನಮ್ಮ ಸಂಬಳಕ್ಕೆ ಆಗೂದು ಅಷ್ಟೇಯ."

"ಕೆಳಗೊಬ್ಬನ ತಲೆ, ಮೇಲೊಬ್ಬನ ಕಾಲು. ನಡುವೆ ನಾವು. ಕೆಳಗೆ ನಮ್ಮ ನೆಲ ಇಲ್ದಿದ್ರೆ ಅದು ಯಂತಾ ಮನೆಯಾ?"

"ಈಗ ಕೂತ್ಕಂಡ ನೆಲ ನಮ್ದಾ ಅತ್ತೆ?"

ಆ ಬಿಡಾರ ಇದ್ದದ್ದು ತೋಟದ ಒಡೆಯರ ಜಾಗದಲ್ಲಿ. ಅವರು ಏಳು ಅಂದ ದಿನ ಏಳಬೇಕು. ಆದರೂ ಬೊಮ್ಮಿಯ ಮನಸ್ಸು ಒಪ್ಪಲಿಲ್ಲ.

ಅಷ್ಟರಲ್ಲಿ ರೂಪಾಲಿ ಬಂದಳು. ಅವಳು ಅಂಕೋಲೆಯಲ್ಲಿ ದಸ್ತಾವೇಜು ಬರೆಯುವವರ ಬಳಿ ಟೈಪಿಂಗ್ ಕೆಲಸ ಮಾಡುವವಳು. ಮಹಿಳಾ ಸಂಘದ ಸಭೆಗೆ ಬೊಮ್ಮಿಯನ್ನು ಕರೆಯಲು ಬಂದಿದ್ದಳು. ಮನೆಯ ಸುದ್ದಿ ಕೇಳಿ ಹಿಗ್ಗಿದಳು.

"ಅಡ್ಡಿಲ್ಲ ಸಾಯಿನಾಥಣ್ಣ! ಕಾಗದಪತ್ರ ಎಲ್ಲಾ ನೋಡಿದ್ಯಾ?"

ಸಾಯಿನಾಥ ಮುಖ ಸಣ್ಣದು ಮಾಡಿದ. "ನಾಯ್ಕರ ಎಲೆಯಡಿಕೆ ಬಟ್ಟಲಿಂದ ಕವಳ ಹಾಕಿ ಮಾತು ಮುಗ್ಸಿಯಾಯ್ತು. ಒಂದೇ ಬಟ್ಟಲ ಕವಳ ಹಾಕಿದ ಮೇಲೆ ಕಾಗದ ತೋರ್ಸಿ ಅಂತ ಕೇಳೂಕೆ ಬತ್ತದ್ಯಾ? ನಂಬಿಕೆ ಇಲ್ಲ ಅಂದಂಗೆ ಆಗ್ತದೆ."

ನಮ್ಮ ಕಡೆಯವರ ತಪ್ಪೇ ಇದು. ಎಲೆ, ಅಡಿಕೆ, ಸುಣ್ಣ ಬಾಯಿಗೆ ಬಿತ್ತೆಂದರೆ ವ್ಯವಹಾರ ಮುಗಿಯಿತು. ಆಮೇಲೆ ಪ್ರಶ್ನೆ ಕೇಳಲು ನಾಚಿಕೆ.

"ಕವಳ ಹಾಕಿದ್ದು ಬಾಯಿ," ಎಂದಳು ರೂಪಾಲಿ. "ಮನೆ ಕೊಡೂದು ಕಾಗದ. ಕಾಗದ ನೋಡೂದು ಅಂದ್ರೆ ಅನುಮಾನ ಅಲ್ಲ. ನಾಳೆ ನಾಯ್ಕರಿಗೂ ನಿಂಗೂ ಜಗಳ ಬೇಡ ಅಂತ."

"ನಾಳೆ ಮನೆ ನೋಡೂಕೆ ನಾನೂ ಬತ್ತೆ," ಎಂದಳು ಬೊಮ್ಮಿ. "ನಂಗೆ ನಿಮ್ಮ ಕಾಗದ ತಿಳಿಯೂದಿಲ್ಲ. ಆದ್ರೆ ಮನೆ ಅಳೆಯೂಕೆ ಬತ್ತದೆ."

ಅವಳ ಮನಸ್ಸಿನಲ್ಲಿ ಇದ್ದದ್ದೇ ಬೇರೆ. ಮನೆ ಸಣ್ಣದು ಎಂದು ತೋರಿಸಿ ಎಲ್ಲರ ಬಾಯಿ ಮುಚ್ಚಿಸಿ ಬರಬೇಕು, ಅಷ್ಟೇ.

ಭಾನುವಾರ ಬೆಳಿಗ್ಗೆ ಬೊಮ್ಮಿ ತಾನೇ ಹೆಣೆದ ಮುಂಡಿಗೆ ಎಲೆಯ ಚಾಪೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಮನೆಯವರ, ರೂಪಾಲಿಯ ಜೊತೆ ಬಸ್ಸು ಹತ್ತಿದಳು.

"ಮಲ್ಗೂಕೆ ಹೊರಟ್ಯನೇ ಬೊಮ್ಮಜ್ಜಿ?" ಎಂದ ಕಂಡಕ್ಟರ್.

"ಹೌದಾ. ನಿನ್ನ ಬಸ್ಸು ಹೋಗೂ ಚಂದಕ್ಕೆ ಒಂದು ನಿದ್ದೆ ಆಗ್ತದೆ."

ಬಸ್ಸಿಗೆ ಬಸ್ಸೇ ನಕ್ಕಿತು.

ಮೀನು ಪೇಟೆಯ ಹಿಂದಿನ ಗಲ್ಲಿ ಬಲು ಇಕ್ಕಟ್ಟು. ಈ ಕಿಟಕಿಯಿಂದ ಕೈ ಚಾಚಿದರೆ ಆ ಕಿಟಕಿಯವರಿಗೆ ಸಾರು ಕೊಡಬಹುದು. ಒಂದು ಮನೆಯಲ್ಲಿ ಕೊಂಕಣಿ, ಇನ್ನೊಂದರಲ್ಲಿ ಮರಾಠಿ, ಮತ್ತೊಂದರಲ್ಲಿ ಕನ್ನಡ. ಮೀನು ಹುರಿಯುವ ವಾಸನೆ ಮಾತ್ರ ಎಲ್ಲ ಮನೆಗೂ ಒಂದೇ. ಎರಡನೇ ಮಾಳಿಗೆಯ ಬಾಗಿಲು ತೆರೆದು ನಿಂತಿದ್ದರು ಪುಂಡಲೀಕ ನಾಯ್ಕರು.

"ಬನ್ನಿ ಬೊಮ್ಮಕ್ಕ. ಮುನ್ನೂರ ಅರವತ್ತು ಚದರಡಿ. ಗಾಳಿ ಬೆಳಕು ಎಲ್ಲಾ ಕಾಣಿ."

"ನಿಮ್ಮ ಅಡಿ ನಂಗೆ ಗೊತ್ತಿಲ್ಲ ನಾಯ್ಕರೇ. ನಂದು ಚಾಪೆ ಲೆಕ್ಕ. ಉದ್ದ ನಾಕು ಮೊಳ, ಅಗಲ ಎರಡು."

ರೂಪಾಲಿ ಬೆರಳು ಮಡಚಿದಳು. "ಮೊಳ ಅಂದ್ರೆ ಒಂದೂವರೆ ಅಡಿ. ಚಾಪೆ ಆರಡಿ ಉದ್ದ, ಮೂರಡಿ ಅಗಲ. ಒಂದು ಚಾಪೆಗೆ ಹದಿನೆಂಟು ಚದರಡಿ. ಮುನ್ನೂರ ಅರವತ್ತು ಅಂದ್ರೆ ಇಪ್ಪತ್ತು ಚಾಪೆ ಆಗ್ಬೇಕು ಬೊಮ್ಮಜ್ಜಿ."

ಬೊಮ್ಮಿ ಗೋಡೆಗೆ ತಾಗಿಸಿ ಚಾಪೆ ಹಾಸಿದಳು. ಸುಮಿತಾ ಸೀಮೆಸುಣ್ಣದಿಂದ ಅಂಚಿಗೆ ಗೆರೆ ಎಳೆದಳು. ಚಾಪೆ ಎತ್ತು, ಹಾಸು, ಗೆರೆ ಎಳೆ. ಮಕ್ಕಳಾಟದಂತೆ ಅಮಿತಾ ಒಂದೊಂದು ಗೆರೆಮನೆಗೂ ಹಾರಿ ಕೂಗಿದಳು. "ಇದು ಅಜ್ಜೀದು! ಇದು ಅಪ್ಪಂದು! ಇದು ಅವ್ವೀದು, ಇದು ನಂದು, ಅವ್ವಿ ಪಕ್ಕದಲ್ಲಿ!"

ಬೊಮ್ಮಿಯ ಕೈ ಒಂದು ಗಳಿಗೆ ನಿಂತಿತು. ಮಗು ಆ ಗೆರೆಯೊಳಗೆ ಮಲಗಿಯೇ ಬಿಟ್ಟಿತ್ತು. ಸುಮಿತಾ ಅದರ ಪಕ್ಕ ಕೂತು ಬೆನ್ನು ತಟ್ಟುತ್ತಿದ್ದಳು. ಬುಧವಾರವೂ, ಗುರುವಾರವೂ ಹೀಗೇ ಇದ್ದರೆ? ಮೋರಿಕಟ್ಟೆ ಬೇಡ, ಬಸ್ಸು ಕಾಯುವುದು ಬೇಡ. ಬೊಮ್ಮಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಮನೆ ಬೇಡ ಅನ್ನಲು ಬಂದವಳಿಗೆ ಈಗ ಮನೆ ಬೇಕೆನಿಸಿತು. ಬೇಕೆನಿಸಿದ ಮೇಲೆ ಅಳತೆಯಲ್ಲಿ ಬಿಟ್ಟುಕೊಡುವವಳೇ ಅವಳು?

ಕೋಣೆಗೆ ಹನ್ನೆರಡು ಚಾಪೆ. ಬಚ್ಚಲು ಸೇರಿ ಹದಿಮೂರು.

"ನಾಯ್ಕರೇ, ಏಳು ಚಾಪೆ ಎಲ್ಲಿ ಹೋಯ್ತು?"

ನಾಯ್ಕರು ತಲೆ ಕೆರೆದರು. "ಅದು... ಗೋಡೆಯ ದಪ್ಪ, ಮೆಟ್ಟಿಲು, ಓಡಾಡೂ ಜಾಗ, ಮೇಲಿನ ತಾರಸಿ. ಎಲ್ಲಾದ್ರ ಪಾಲೂ ಸೇರ್ಸಿ ಹೇಳೂದು. ಪೇಟೆಯಲ್ಲಿ ಹಂಗೇ ಲೆಕ್ಕ."

"ಬಂಗಡೆ ತೂಕಕ್ಕೆ ಬರ್ಫದ ತೂಕಾನೂ ಸೇರ್ಸೂದಾ? ನನ್ನ ಮಗ ಬರ್ಫದ ಕಾರ್ಖಾನೆಯವ, ಅವಂಗೇ ಬರ್ಫ ಮಾರ್ತ್ರಾ?"

ಸಾಯಿನಾಥ ನಾಚಿಕೆಯಿಂದ ಗೋಡೆ ನೋಡಿದ. ನಾಯ್ಕರಿಗೆ ಮಾತ್ರ ತಡೆಯಲಾರದ ನಗು. "ಇಪ್ಪತ್ತು ಮಂದಿ ಬಂದು ನೋಡಿ ಹೋದ್ರು ಬೊಮ್ಮಕ್ಕ. ಕೇಳ್ದವ್ಳು ನೀನೊಬ್ಳೇಯ."

ಆಗ ರೂಪಾಲಿ ಮೆಲ್ಲಗೆ ಹೇಳಿದಳು. "ನಾಯ್ಕರೇ, ಪಾಲು ಸೇರ್ಸೂದು ಇರ್ಲಿ. ಗೋಡೆಯ ಒಳಗೆ ಎಷ್ಟು, ಹೊರಗಿನ ಪಾಲು ಎಷ್ಟು ಅಂತ ಕರಾರಿನಲ್ಲಿ ಬೇರೆ ಬೇರೆ ಬರೀಬೇಕು. ದರಾನೂ ಬೇರೆ ಆಗ್ಬೇಕು. ಆಮೇಲೆ ನಗರಸಭೆಯ ಪರವಾನಗಿ ಮತ್ತು ಖಾತೆ, ಋಣಭಾರ ಪತ್ರ ಇಷ್ಟೂ ನೋಡ್ಬೇಕು. ಈ ಜಾಗದ ಮೇಲೆ ಯಾರ ಸಾಲ, ಯಾರ ಹಕ್ಕು ಉಂಟು ಅನ್ನೂದು ಇವೆಲ್ಲಾದ್ರಲ್ಲಿ ತಿಳೀತದೆ."

"ಕವಳ ಹಾಕಿದ ಮೇಲೆ..." ಎಂದು ಸಾಯಿನಾಥ ಶುರು ಮಾಡಿದ.

"ಆ ಕವಳ ಉಗ್ದು ಆಯ್ತಲ್ಲಾ ಮಗಾ?" ಎಂದಳು ಬೊಮ್ಮಿ. "ಕಾಗದ ಉಗೀತ್ರಾ ಯಾರಾದ್ರೂ?"

ನಾಯ್ಕರು ಬೇಸರ ಮಾಡಿಕೊಳ್ಳಲಿಲ್ಲ. ಮರುವಾರವೇ ಕಾಗದಗಳನ್ನು ತಂದು ಕೊಟ್ಟರು. ನೋಡಿದ್ದು ಒಳ್ಳೆಯದೇ ಆಯಿತು. ಜಾಗ ನಾಯ್ಕರ ತಂದೆಯ ಕಾಲದ್ದು. ಸುಂಕಸಾಳದಲ್ಲಿದ್ದ ಅವರ ಅಕ್ಕನ ಹಕ್ಕು ಅದರಲ್ಲಿ ಹಾಗೇ ಉಳಿದಿತ್ತು. ಅವರ ಸಹಿ ಇಲ್ಲದೆ ಮನೆ ಕೊಂಡಿದ್ದರೆ, ನಾಳೆ ಅವರ ಮಕ್ಕಳು ಬಂದು ಕೇಳಿದಾಗ ಬೊಮ್ಮಿಯ ಸಂಸಾರ ಮತ್ತೆ ಎರಡು ಊರಾಗುತ್ತಿತ್ತು. ನಾಯ್ಕರಿಗೂ ಅದು ಹೊಳೆದಿರಲಿಲ್ಲ. "ಅಕ್ಕ ಕೇಳ್ಲೇ ಇಲ್ಲ, ನಾನೂ ಮರ್ತೇಬಿಟ್ಟೆ," ಎಂದು ತಾವೇ ಹೋಗಿ ಅಕ್ಕನನ್ನು ಕರೆತಂದರು. ಅಕ್ಕ ತನ್ನ ಪಾಲು ಪಡೆದು ಸಂತೋಷದಿಂದ ಸಹಿ ಹಾಕಿದರು.

ಕರಾರು ಬರೆಯುವ ದಿನ ಬೊಮ್ಮಿ ಎದುರೇ ಕೂತಿದ್ದಳು. ಗೋಡೆಯೊಳಗಿನ ಹದಿಮೂರು ಚಾಪೆಗೆ ಪೂರ್ತಿ ದರ, ಹೊರಗಿನ ಏಳಕ್ಕೆ ಅರ್ಧ. ತಾರಸಿ ಎಲ್ಲ ಮನೆಯವರದ್ದೂ ಎಂದು ಒಂದು ಸಾಲು ಹೆಚ್ಚು ಬರೆಸಿದಳು. ಕಾಗದ ಸರಿಯಿದ್ದುದರಿಂದ ಬ್ಯಾಂಕಿನವರೂ ಸಾಲಕ್ಕೆ ಒಪ್ಪಿದರು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮನೆ ಗಂಡ ಹೆಂಡತಿ ಇಬ್ಬರ ಹೆಸರಿಗೂ ನೋಂದಣಿಯಾಯಿತು. ಹೊರಗೆ ಬಂದು ಎಲ್ಲರೂ ನಾಯ್ಕರ ಬಟ್ಟಲಿಂದ ಇನ್ನೊಮ್ಮೆ ಕವಳ ಹಾಕಿದರು.

"ಈಗಿನ ಕವಳ ರುಚಿ!" ಎಂದ ಸಾಯಿನಾಥ.

ದೀಪಾವಳಿಗೆ ಅವರು ಹೊಸ ಮನೆಗೆ ಬಂದರು. ಸುಮಿತಾ ಪಾಳಿ ಮುಗಿಸಿ ಎರಡೂವರೆಗೆ ಮನೆ ಮುಟ್ಟುತ್ತಾಳೆ. ಶಾಲೆ ಬಿಟ್ಟ ಅಮಿತಾ ಬಾಗಿಲು ತಟ್ಟಿದರೆ ಒಳಗಿನಿಂದ ತಾಯಿಯ ದನಿ. ಬೊಮ್ಮಿ ಪಕ್ಕದ ಮನೆಯವಳಿಂದ ಎರಡು ಮಾತು ಕೊಂಕಣಿ ಕಲಿತಿದ್ದಾಳೆ. ಮೀನಿನ ರೇಟು ಕೇಳಲು ಅಷ್ಟು ಸಾಕು.

ಒಂದು ದಿನ ನಾಯ್ಕರು ನೀರಿನ ಟಾಕಿ ನೋಡಲು ತಾರಸಿಗೆ ಹತ್ತಿದರು. ಅಲ್ಲಿ ಬೊಮ್ಮಿ ಬಿಸಿಲಿಗೆ ಚಾಪೆ ಹಾಸಿ ತೊರಕೆ ಮೀನು ಒಣಗಿಸುತ್ತಿದ್ದಳು. ಸಾಲಾಗಿ ಎಣಿಸಿದರೆ ಸರಿಯಾಗಿ ಏಳು ಚಾಪೆ.

"ಇದೆಂತದು ಬೊಮ್ಮಕ್ಕ?"

"ಕಾಣೆಯಾಗಿತ್ತಲ್ಲ ನಾಯ್ಕರೇ, ಸಿಕ್ತು!"

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮನೆ ಸಣ್ಣದಾದರೆ ನಾಚಿಕೆಯಿಲ್ಲ, ಕೇಳುವುದಕ್ಕೂ ನಾಚಿಕೆ ಬೇಡ. ಮಾತು ಕೊಡುವ ಮೊದಲು ಕಾಗದ ನೋಡಿ. ಓದಲು ಬಾರದಿದ್ದರೆ ಓದಬಲ್ಲವರನ್ನು ಕರೆದುಕೊಂಡು ಹೋಗಿ. ಗೋಡೆಯೊಳಗೆ ಎಷ್ಟು ಜಾಗವೆಂದು ನಿಮ್ಮ ಕೈಯಿಂದಲೇ ಅಳೆಯಿರಿ, ಅದನ್ನು ಬರೆಸಿ, ನೋಂದಣಿ ಮಾಡಿಸಿ, ಮನೆಯ ಹೆಣ್ಣಿನ ಹೆಸರೂ ಅದರಲ್ಲಿರಲಿ. ಟೇಪು ಇಲ್ಲವೇ? ಚಿಂತೆಯಿಲ್ಲ. ನಿಮ್ಮ ಮನೆಯಲ್ಲೂ ಒಂದು ಚಾಪೆ ಇದ್ದೇ ಇರುತ್ತದೆ. ಸುತ್ತಿಕೊಂಡು ಬಸ್ಸು ಹತ್ತಿ. ನಗುವವರು ನಗಲಿ.