ಹಾರಬೇಡಿ, ಕ್ಯಾನ್ ಎಸೆಯಿರಿ

ಕಲ್ಲು ತೆಗೆದವರು ಕಲ್ಲನ್ನು ಲಾರಿಯಲ್ಲಿ ಹೊತ್ತು ಹೋದರು, ಗುಂಡಿಯನ್ನು ಊರಿಗೆ ಬಿಟ್ಟು ಹೋದರು. ಊರಾಚೆಯ ಆ ಹಳೇ ಕ್ವಾರಿಯಲ್ಲಿ ಈಗ ಮೂರಾಳು ನೀರು. ಬೇಲಿಯಿಲ್ಲ, ಬೋರ್ಡಿಲ್ಲ, ಕೇಳುವವರಿಲ್ಲ. ಹೋದ ಬೇಸಿಗೆಯಲ್ಲಿ ಅಲ್ಲಿ ಅಣ್ಣತಮ್ಮಂದಿರಿಬ್ಬರು ಸತ್ತರು. ತಮ್ಮ ಕಾಲು ಜಾರಿ ಬಿದ್ದ, ಅಣ್ಣ ಎತ್ತಲು ಹಾರಿದ. ಊರು ಎರಡು ದಿನ ಅತ್ತಿತು. ಮೂರನೇ ದಿನ ಅಲ್ಲಿಗೇ ಬಟ್ಟೆ ಒಗೆಯಲು ಹೋಯಿತು.

ಒಂದು ಬೆಳಿಗ್ಗೆ ಬಟ್ಟೆ ಹೊಲಿಯುವ ಟೈಲರಮ್ಮನ ಅಂಗಡಿಗೆ ವಾರ್ಡಿನ ಸದಸ್ಯೆ ಬಂದಳು. ಊರೆಲ್ಲ ಅವಳನ್ನು ಕರೆಯುವುದು ಮೀನಕ್ಕ ಎಂದು. ದೇಶಕ್ಕಾಗಿ ಈಜಿ ಕಪಾಟು ತುಂಬ ಪದಕ ತಂದವಳು, ಆಮೇಲೆ ಚುನಾವಣೆಗೆ ನಿಂತು ಅದನ್ನೂ ಗೆದ್ದವಳು. ಗೆದ್ದ ವಾರವೇ ಪುರಸಭೆಯ ಈಜುಕೊಳದ ಬೀಗ ಒಡೆಸಿದಳು. ಒಳಗೆ ನೀರಿನ ಬದಲು ಮುರಿದ ಕುರ್ಚಿಗಳಿದ್ದವು. "ಇದು ಕೊಳವಾ, ಗುಜರಿ ಅಂಗಡಿಯಾ?" ಎಂದು ಅಧಿಕಾರಿಗಳ ಬೆವರಿಳಿಸಿದಳು. ಈಗ ಅಲ್ಲಿ ಮಕ್ಕಳಿಗೆ ಪುಕ್ಕಟೆ ಪಾಠ.

"ನಿನ್ನ ಮಗಳ ಹೆಸರು ಯಾಕಮ್ಮ ಬರೆಸಿಲ್ಲ?"

ಟೈಲರಮ್ಮ ಹೊಲಿಗೆ ನಿಲ್ಲಿಸಲಿಲ್ಲ. "ಈಜು ಬಂದ್ರೆ ಭಯ ಹೋಗುತ್ತೆ ಅಕ್ಕ. ಭಯ ಇದ್ರೆ ತಾನೇ ಹುಡುಗಿ ದಡದಲ್ಲಿರ್ತಾಳೆ? ನೀರಿಗೆ ಇಳೀದಿದ್ರೆ ಮುಳುಗೋ ಮಾತೆಲ್ಲಿ ಬಂತು?"

"ಸತ್ತ ಹುಡುಗ ಇಳಿದಿರಲಿಲ್ಲ, ಜಾರಿದ್ದ. ಜಾರೋಕೆ ನಿನ್ನ ಅಪ್ಪಣೆ ಕೇಳ್ತಾರಾ?"

"ನಿಮಗೇನು, ಪದಕದೋರು. ನನಗಿರೋದು ಒಂದೇ ಮಗು."

"ಒಂದೇ ಇದೆ ಅಂತಲೇ ನಾನು ಗಂಟಲು ಹರ್ಕೊಳ್ತಿರೋದು!" ಮೀನಕ್ಕ ಮೇಜು ಗುದ್ದಿದ ರಭಸಕ್ಕೆ ಕತ್ತರಿ ಕೆಳಗೆ ಬಿತ್ತು. ಅದನ್ನು ಎತ್ತಿಕೊಡದೆ ಹೊರಟುಹೋದಳು. ಎಂಥ ಬಾಯಿ, ಎಂದುಕೊಂಡಳು ಟೈಲರಮ್ಮ.

ಹೊಸ ಬಟ್ಟೆ ಹೊಲಿದ ಮೇಲೆ ಕುಗ್ಗಬಾರದೆಂದು ಟೈಲರಮ್ಮ ಮೊದಲೇ ನೆನೆಸುವುದು ರೂಢಿ. ನಲ್ಲಿಯಲ್ಲಿ ನೀರಿಲ್ಲದ ದಿನ ಬಟ್ಟೆಯ ಥಾನು ಹೊತ್ತು ಕ್ವಾರಿಗೆ ಹೋಗುವಳು. ಆ ವಾರವೂ ಹೋದಳು. ಬಟ್ಟೆಯ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ಮಗಳ ಕೈಯಲ್ಲಿ. ಎಳೆತ ಸಡಿಲವಾಯಿತು. ತಿರುಗಿ ನೋಡಿದರೆ ಮಗಳು ನೀರಿನಲ್ಲಿದ್ದಾಳೆ, ಬಾಯಿ ತೆರೆದಿದೆ, ಸದ್ದಿಲ್ಲ.

"ಆಟ ಸಾಕು, ಮೇಲೆ ಬಾರೇ," ಎಂದಳು ತಾಯಿ. ಮುಳುಗುವವರು ಕೂಗುತ್ತಾರೆ ಎಂದು ಅವಳು ನಂಬಿದ್ದಳು. ಕೂಗಲು ಉಸಿರೆಲ್ಲಿರುತ್ತದೆ?

"ಅದು ಆಟ ಅಲ್ಲ!" ಬೇಲಿಗೆ ಅಳತೆ ಹಾಕಿಸಲು ಕೂಲಿಯವರೊಂದಿಗೆ ಬಂದಿದ್ದ ಮೀನಕ್ಕ ಅರಚುತ್ತ ಓಡಿಬಂದಳು. ಹಾರಲಿದ್ದ ಟೈಲರಮ್ಮನ ತೋಳು ಹಿಡಿದು ಹಿಂದಕ್ಕೆಳೆದಳು.

"ಬಿಡಿ! ಇಲ್ಲ ನೀವೇ ಹಾರಿ!"

ಮೀನಕ್ಕ ಹಾರಲಿಲ್ಲ. ಕೂಲಿಯವರ ಕುಡಿಯುವ ನೀರಿನ ಕ್ಯಾನ್ ಕಸಿದು ನೀರು ಚೆಲ್ಲಿದಳು, ಮುಚ್ಚಳ ಬಿಗಿದಳು, ಹಿಡಿಗೆ ಆ ಒದ್ದೆ ಬಟ್ಟೆಯ ತುದಿ ಕಟ್ಟಿದಳು. ಮೊದಲ ಎಸೆತ ತಪ್ಪಿತು. ಎರಡನೆಯದು ಹುಡುಗಿಯ ಎದೆಗೇ ಬಂತು. "ತಬ್ಕೋ! ಬಿಡಬೇಡ!" ಬಂಡೆಯ ಮೇಲೆ ಬೋರಲು ಮಲಗಿ ಇಬ್ಬರೂ ಎಳೆದರು. ದಡಕ್ಕೆ ಬಿದ್ದ ಮಗು ನೀರು ಕಾರಿ, ಕೆಮ್ಮಿ, ಕೊನೆಗೆ ಜೋರಾಗಿ ಅತ್ತಿತು.

ವೈದ್ಯರು ಗಂಡಾಂತರ ಕಳೆಯಿತು ಎಂದ ಮೇಲೆ, ಆಸ್ಪತ್ರೆಯ ಬೆಂಚಿನಲ್ಲಿ ಟೈಲರಮ್ಮನ ಸಿಟ್ಟಿನ ಕಟ್ಟೆ ಒಡೆಯಿತು. "ಚಾಂಪಿಯನ್ ಅಲ್ವಾ ನೀವು? ಯಾಕೆ ಹಾರಲಿಲ್ಲ?"

"ಹತ್ತೊಂಬತ್ತನೇ ವಯಸ್ಸಲ್ಲಿ ಹಾರಿದ್ದೆ, ನನ್ನ ತಂಗಿಗೋಸ್ಕರ," ಎಂದಳು ಮೀನಕ್ಕ. "ಮುಳುಗೋರು ಕತ್ತಿಗೇ ಜೋತುಬೀಳ್ತಾರೆ. ಇಬ್ಬರೂ ತಳಕ್ಕೆ ಹೋದ್ವಿ. ನಾನೊಬ್ಬಳೇ ಬದುಕಿದೆ. ದಡದಲ್ಲೇ ಖಾಲಿ ಕ್ಯಾನ್ ಬಿದ್ದಿತ್ತು ಕಣಮ್ಮ, ನನ್ನ ಕಣ್ಣಿಗೆ ಕಾಣಲಿಲ್ಲ. ಈಜು ಬರುತ್ತೆ ಅನ್ನೋ ಸೊಕ್ಕು. ಆ ಸಿಟ್ಟಿಗೇ ಆಮೇಲೆ ಹತ್ತು ವರ್ಷ ಈಜಿದೆ, ಆ ಸಿಟ್ಟಿಗೇ ಓಟು ಕೇಳಿದೆ."

ಟೈಲರಮ್ಮ ಮೀನಕ್ಕನ ಕೈ ಹಿಡಿದು ಕೂತಳು.

ಮಗಳು ಚೇತರಿಸಿಕೊಂಡ ದಿನ ಟೈಲರಮ್ಮ ಕೊಳದ ಬಾಗಿಲಲ್ಲಿ ನಿಂತು ಎರಡು ಹೆಸರು ಬರೆಸಿದಳು, ಮಗಳದೊಂದು, ತನ್ನದೊಂದು.

"ಇದು ಮಕ್ಕಳಿಗೆ ಮಾತ್ರ," ಎಂದ ಗುಮಾಸ್ತ.

"ತಾಯಂದಿರು ತೇಲ್ತಾರಾ? ಬರ್ಕೊಳ್ರೀ!" ಎಂದಳು ಟೈಲರಮ್ಮ.

ಕ್ವಾರಿಗೆ ಬೇಲಿ ಬಂತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಎರಡು ಹೆಣ ಬಿದ್ದ ಮೇಲೆ ಬಂತು. ಅದರ ಕಂಬಕ್ಕೆ ಟೈಲರಮ್ಮ ಮುಚ್ಚಳ ಬಿಗಿದ ಖಾಲಿ ಕ್ಯಾನೊಂದನ್ನು ಉದ್ದನೆಯ ಹಗ್ಗದ ಸಮೇತ ತೂಗುಹಾಕಿದಳು.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮೂರಿನ ಗುಂಡಿಯ ಹತ್ತಿರ ಏನಿದೆ? ಮಕ್ಕಳಿಗೆ ಈಜು ಕಲಿಸಿ. ಬೇಲಿ ಹಾಕುವ ತನಕ ನಿಮ್ಮ ಸದಸ್ಯರನ್ನು ನಿದ್ದೆ ಮಾಡಲು ಬಿಡಬೇಡಿ. ಯಾರಾದರೂ ಬಿದ್ದರೆ ಜನರನ್ನು ಕೂಗಿ ಕರೆಯಿರಿ, ತೇಲುವುದನ್ನು ಎಸೆಯಿರಿ, ನೀವು ಹಾರಬೇಡಿ. ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ ಎನ್ನುತ್ತಾರೆ. ಹುಲ್ಲುಕಡ್ಡಿ ಯಾಕೆ, ಕ್ಯಾನ್ ಕೊಡಿ. ಹತ್ತು ನಿಮಿಷದ ಕೆಲಸ, ಇವತ್ತೇ ಹೋಗಿ ಕಟ್ಟಿ. ಆಮೇಲೆ ಎರಡು ದಿನ ಅತ್ತರೆ ಯಾರೂ ಎದ್ದು ಬರುವುದಿಲ್ಲ.