ಆರು ಮೊಹರು ಬಿದ್ದ ಪುಸ್ತಕ

ಸುಳ್ಳು ಹೇಳಲು ನಾನು ಬಾಯಿಯನ್ನೂ ತೆರೆಯಲಿಲ್ಲ. ತಾರೀಖಿನ ಮೊಹರೊಂದೇ ಸಾಕಾಯಿತು.

ನಮ್ಮ ಪ್ರಾಂತ್ಯದ ಹನ್ನೊಂದು ಸಣ್ಣ ಗ್ರಂಥಾಲಯಗಳಿಗೆ ಕೇಂದ್ರ ಗ್ರಂಥಾಲಯವೇ ಹೆತ್ತಮ್ಮ. ಪುಸ್ತಕ ಅದರದು, ವ್ಯಾನು ಅದರದು, ನಮ್ಮ ಕಿವಿ ಹಿಂಡುವ ಹಕ್ಕೂ ಅದರದೇ. ಒಂದು ಶಾಖೆಯಲ್ಲಿ ಇಲ್ಲದ ಪುಸ್ತಕವನ್ನು ಓದುಗರು ಕೇಳಿದರೆ, ಇದ್ದ ಶಾಖೆಯಿಂದ ಬುಧವಾರದ ವ್ಯಾನು ತಂದುಕೊಡುತ್ತದೆ. ಹೋದ ವರ್ಷ ಕೇಂದ್ರದಿಂದ ಸುತ್ತೋಲೆ ಬಂತು: ಎಲ್ಲಕ್ಕಿಂತ ಕಡಿಮೆ ಪುಸ್ತಕ ಎರವಲು ಹೋಗುವ ಶಾಖೆಗೆ ಬೀಗ.

ಆ ಹನ್ನೊಂದರಲ್ಲಿ ಒಂದನ್ನು ನೋಡಿಕೊಳ್ಳುವವಳು ನಾನು. ನನ್ನ ಓದುಗರೆಂದರೆ ಪತ್ರಿಕೆ ತಿರುವಿ, ಫ್ಯಾನಿನ ಕೆಳಗೆ ತೂಕಡಿಸಿ ಹೋಗುವ ಪುಣ್ಯಾತ್ಮರು. ಹಾಗಾಗಿ ಬಾಗಿಲು ಹಾಕುವ ಮುನ್ನ ದಿನಾ ಹತ್ತು ಪುಸ್ತಕ ಇಳಿಸಿ, ಒಳಗಿನ ಚೀಟಿಗೆ ಮೊಹರು ಒತ್ತಿ, ತೂಕಡಿಸುವವರ ಹೆಸರಿನಲ್ಲಿ ಬರೆದು, ಮತ್ತೆ ಕಪಾಟಿಗೇ ಇಟ್ಟೆ.

ಬೀಗ ಬಿದ್ದದ್ದು ನದಿಯಾಚೆ ಅಕ್ಕನ ಶಾಖೆಗೆ. ಒಡಹುಟ್ಟಿದ ಅಕ್ಕನಲ್ಲ, ನನಗೆ ಈ ಕೆಲಸ ಕಲಿಸಿದವಳು. ನನ್ನ ಸುಳ್ಳಿಗಿಂತ ಅವಳ ನಿಜ ಕಡಿಮೆಯಾಯಿತು. ಆಮೇಲೂ ನಾನು ಬಾಯಿ ಬಿಡಲಿಲ್ಲ.

ನಿನ್ನೆ ಮಧ್ಯಾಹ್ನ ಅವಳೇ ಬಂದಳು. ಮೇಜಿನ ಆಚೆ ಓದುಗರ ಹಾಗೆ ನಿಂತವಳನ್ನು ಕಂಡು ನಾನು ದಡಬಡಿಸಿ ಎದ್ದೆ.

"ಕೂತ್ಕೊಳೇ," ಅಂದಳು ಅಕ್ಕ. "ನಿಮ್ಮಲ್ಲಿರೋ ಜೇನುಸಾಕಣೆ ಪುಸ್ತಕ ವಾಪಸ್ ಬಂತಾ? ನಮ್ಮ ಗಡಿಯಾರ ರಿಪೇರಿ ತಾತ ಕೇಳ್ತಾನೇ ಇದ್ರು. ನಾನೂ ಕೇಂದ್ರಕ್ಕೆ ಎಷ್ಟು ಸಲ ಬರೆದೆ. ಪ್ರತಿ ಸಲಾನೂ, ನಿಮ್ಮಲ್ಲಿಂದ ಯಾರೋ ತಗೊಂಡು ಹೋಗಿದ್ದಾರೆ ಅಂದ್ರು."

ಪುಸ್ತಕ ಅವಳ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ನಾನು ಹೇಳುವ ಮೊದಲೇ ಅವಳು ತಿರುಗಿದಳು; ಅದು ಕಣ್ಣಿಗೆ ಬಿತ್ತು. ತೆಗೆದು ಚೀಟಿ ನೋಡಿದಳು. ಆರು ಮೊಹರು. ಪುಸ್ತಕವನ್ನು ನಡುವಿಗೆ ಬಿಚ್ಚಿ ಮೇಜಿನ ಮೇಲಿಟ್ಟಳು. ಅದು ಕಿರ್ರೆಂದು ತಾನೇ ಮುಚ್ಚಿಕೊಂಡಿತು. ಓದಿದ ಪುಸ್ತಕ ಬಿಚ್ಚಿಟ್ಟರೆ ತೆರೆದೇ ಮಲಗುತ್ತದೆ, ಓದದ್ದು ಮುಚ್ಚಿಕೊಳ್ಳುತ್ತದೆ ಎಂದು ನನಗೆ ಹೇಳಿಕೊಟ್ಟವಳೇ ಅವಳು.

ಮುಖ ಎತ್ತಲಾಗಲಿಲ್ಲ. "ಅಕ್ಕಾ, ನಾನೇ…"

"ಗೊತ್ತಾಯ್ತು ಬಿಡು." ಪುಸ್ತಕದ ಚೀಟಿಯ ಪುಟ ತೆರೆದಳು. "ತಾತನಿಗೆ ಈಗ ಅಕ್ಷರ ಕಾಣಲ್ಲ. ನಾನೇ ಓದಿ ಹೇಳ್ಬೇಕು."

ಮೊಹರನ್ನು ನನ್ನ ಕಡೆಗೆ ಸರಿಸಿದಳು. "ಒತ್ತು. ನನ್ನ ಹೆಸರು ಬರ್ಕೋ."

ಒತ್ತಿದೆ. ಅವಳ ಹೆಸರು ಬರೆದೆ. ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಅವಳು ಮೆಟ್ಟಿಲಿಳಿದಳು. ಏಳನೆಯ ಮೊಹರಿಗೆ ಅದು ಮೊದಲ ಸಲ ಬಾಗಿಲು ದಾಟಿತು.